ಹಿನ್ನೀರಿಗೆ ಹುಟ್ಟು ಹಾಕುವವರಿಗೆ, ಇಂಗ್ಲೆಂಡಿನ ಕಾಲುವೆ ದಡದಿಂದ

ಮಳೆ ಹಿಂದೆ ಸರಿದು, ಹೇಮಾವತಿ ಹಿನ್ನೀರಿನ ಕೆಂಪು ಇಳಿದು ತಿಳಿಯಾಗುವುದು ಅಕ್ಟೋಬರ್ ಹೊತ್ತಿಗೆ. ಯಗಚಿಯಲ್ಲೋ ಗೊರೂರಿನ ಹಿನ್ನೀರಿನಲ್ಲೋ ಅರ್ಧ ಗಂಟೆಯ ರೈಡ್ ಮುಗಿಸಿ ಫೋಟೋ ತೆಗೆಸಿಕೊಂಡು ಹೋಗುವುದು ಸಾಕಾಗಿದೆ, ಈ ಸಲ ಹತ್ತು ಹನ್ನೆರಡು ಕಿಲೋಮೀಟರ್ ಹುಟ್ಟು ಹಾಕಿ ನೋಡೋಣ ಅನ್ನುವವರಿಗೆ ಸ್ವಾಗತ. ಕ್ಯಾನೂ, ಕಯಾಕಿನಂಥ ಹುಟ್ಟಿನ ಸಣ್ಣ ದೋಣಿಗಳ ದೂರದ ರೇಸಿಗೆ ಹಾಸನ, ಚಿಕ್ಕಮಗಳೂರಿನಲ್ಲಿರುವಂಥ ವಿಶಾಲವಾದ ನೀರು ಇಂಗ್ಲೆಂಡಿನಲ್ಲಿ ಅಪರೂಪ. ಇಲ್ಲಿರುವುದು ಹೆಚ್ಚಾಗಿ ಇಕ್ಕಟ್ಟಾದ ಕಾಲುವೆ, ನೀರಿನ ಮಟ್ಟ ಏರಿಸಿ ಇಳಿಸುವ ಲಾಕ್ ಗೇಟು, ಬಾತುಕೋಳಿ. ಆದರೂ ಆಟ ಬೆಳೆದದ್ದು ಇಲ್ಲಿ. ಅದಕ್ಕೆ ಇಲ್ಲಿನವರ ದುಬಾರಿ ದೋಣಿ ಕಾರಣ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ.

ಇಲ್ಲಿನ ಕ್ಲಬ್ಬುಗಳ ನಡುವಿನ ದೂರದ ರೇಸುಗಳ ಹ್ಯಾಸ್ಲರ್ ಸರಣಿಯಲ್ಲಿ 9 ದರ್ಜೆಗಳಿವೆ. ಹೊಸಬರು ಸಾಮಾನ್ಯವಾಗಿ 9ರಲ್ಲಿ ಶುರು ಮಾಡುತ್ತಾರೆ. 7ರಿಂದ 9ನೇ ದರ್ಜೆಯವರಿಗೆ ಸುಮಾರು 4 ಮೈಲಿ, 4ರಿಂದ 6ರವರಿಗೆ 8, ಮೇಲಿನ ಮೂರು ದರ್ಜೆಗೆ 12. ದರ್ಜೆ ನಿಂತಿರುವುದು ವೇಗದ ಮೇಲೆ, ವಯಸ್ಸಿನ ಮೇಲಲ್ಲ. ಹಾಗಾಗಿ ಹದಿಮೂರರ ಹುಡುಗಿಯೂ ಅರವತ್ತೈದರ ನಿವೃತ್ತ ಮೇಷ್ಟ್ರೂ ಒಂದೇ ಗೆರೆಯಲ್ಲಿ ನಿಂತು ನಿಜವಾಗಿಯೂ ಪೈಪೋಟಿ ಮಾಡುತ್ತಾರೆ. ಸಮಯ ಸುಧಾರಿಸಿದರೆ ಮೇಲಿನ ದರ್ಜೆಗೆ ಬಡ್ತಿ. ಗಳಿಸಿದ ಅಂಕ ಕ್ಲಬ್ಬಿನ ಲೆಕ್ಕಕ್ಕೂ ಸೇರುತ್ತದೆ, ಹಾಗಾಗಿ 9ನೇ ದರ್ಜೆಯ ಹುಡುಗ ಬಂದಿಲ್ಲ ಅಂದರೆ ಮೊದಲ ದರ್ಜೆಯವರೇ ಫೋನ್ ಮಾಡಿ ಕೇಳುತ್ತಾರೆ. ನಮ್ಮಲ್ಲಿ ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ, ಮೊದಲ ಮೂವರಿಗೆ ಕಪ್ಪು, ಉಳಿದವರು ಬಸ್ ಹತ್ತಿ ಮನೆಗೆ. ನಾಲ್ಕನೆಯವನು ಮುಂದಿನ ವರ್ಷ ಯಾಕೆ ಬರಬೇಕು? ಇಲ್ಲಿಂದ ಹೊತ್ತುಕೊಂಡು ಬರಬೇಕಾದ್ದು ಈ ದರ್ಜೆಯ ಪದ್ಧತಿ. ಒಂದು ಸ್ಟಾಪ್‌ವಾಚ್, ಒಂದು ನೋಟ್‌ಬುಕ್ ಸಾಕು.

ತರಬಾರದ್ದು, ಸದ್ಯಕ್ಕೆ, ಒಬ್ಬರೇ ಕೂರುವ ಕೆ1 ರೇಸಿಂಗ್ ದೋಣಿ. ಮ್ಯಾರಥಾನ್ ಕೆ1 ಗರಿಷ್ಠ 5.2 ಮೀಟರ್ ಉದ್ದ, ಕನಿಷ್ಠ 8 ಕಿಲೋ ತೂಕ. ಚೂಪಾಗಿ, ಸೌತೆಕಾಯಿ ಸೀಳಿನ ಹಾಗೆ ಇರುತ್ತದೆ. ತೆಪ್ಪದಲ್ಲಿ ಎದ್ದು ನಿಂತು ಬಲೆ ಎಸೆಯುವವರೂ ಇದರಲ್ಲಿ ಕೂತ ಹತ್ತು ಸೆಕೆಂಡಿಗೆ ನೀರಿಗೆ ಬೀಳುತ್ತಾರೆ. ಅಲುಗಾಡುವ ದೋಣಿಯಲ್ಲಿ ಜೋರಾಗಿ ಹುಟ್ಟು ಹಾಕಲಾಗದು, ಅರ್ಧ ಶಕ್ತಿ ಬೀಳದೆ ಇರುವುದಕ್ಕೇ ಹೋಗುತ್ತದೆ. ಅಗಲವಾದ ಪ್ಲಾಸ್ಟಿಕ್ ಟೂರಿಂಗ್ ಕಯಾಕಿನಲ್ಲಿ ಮೊದಲ ವರ್ಷ ಕಳೆದವನು, ನೇರ ಕೆ1 ಕೊಂಡವನಿಗಿಂತ ಬೇಗ ಮುಂದೆ ಹೋಗುತ್ತಾನೆ. ದೋಣಿಯ ಎರಡೂ ತುದಿಯೊಳಗೆ ಫೋಮ್ ತುಂಡು ಬಿಗಿಯಾಗಿ ಕೂತಿದೆಯೇ ನೋಡಿ. ಫೋಮ್ ಇಲ್ಲದ ದೋಣಿ ಮಗುಚಿದರೆ ನೀರು ತುಂಬಿ ಒಂದು ತುದಿ ಎತ್ತಿ ಮುಳುಗುತ್ತದೆ, ಇಬ್ಬರು ಎಳೆದರೂ ದಡಕ್ಕೆ ಬಾರದು.

ಬೋಟಿಂಗ್ ಜಾಗಗಳಲ್ಲಿ ಕೊಡುವ ದಪ್ಪ ಕಿತ್ತಳೆ ಲೈಫ್ ಜಾಕೆಟ್ ದೂರದ ಓಟಕ್ಕೆ ಆಗುವುದಿಲ್ಲ. ಗದ್ದಕ್ಕೆ ತಗುಲುತ್ತದೆ, ಮೈ ತಿರುಗಲು ಬಿಡುವುದಿಲ್ಲ. ಕಯಾಕಿಂಗಿನವರು ಹಾಕುವುದು ಬಾಯನ್ಸಿ ಏಡ್. 50 ನ್ಯೂಟನ್ ತೇಲಿಸುವ ಶಕ್ತಿ, ತೋಳು ತೂರಿಸುವ ಜಾಗ ಅಗಲ. ಈಜು ಬಾರದವರು ಅದನ್ನು ನಂಬಿ ಇಳಿಯಬಾರದು, ಮೊದಲು ಈಜು ಕಲಿಯಬೇಕು.

ಹುಟ್ಟು ಹಾಕುವ ರೀತಿಯಲ್ಲಿ ನಮ್ಮವರದು ಒಂದು ಹಳೇ ಅಭ್ಯಾಸ. ತೆಪ್ಪದಲ್ಲಿ ಎದುರಿನ ನೀರನ್ನು ತನ್ನ ಕಡೆಗೆ ಸೆಳೆಯುತ್ತಾರೆ, ಕೆಲಸವೆಲ್ಲ ತೋಳಿನದು. ಕಯಾಕಿನಲ್ಲಿ ಅದೇ ತೋಳು ಎರಡನೇ ಕಿಲೋಮೀಟರಿಗೆ ಸೋಲುತ್ತದೆ. ಹುಟ್ಟಿನ ಅಲಗು ಪಾದದ ಪಕ್ಕ ಪೂರ್ತಿ ಮುಳುಗಬೇಕು, ಆಮೇಲೆ ಅದೇ ಬದಿಯ ಕಾಲು ಫುಟ್‌ರೆಸ್ಟನ್ನು ಒದೆಯಬೇಕು, ಸೊಂಟ ತಿರುಗಬೇಕು, ಅಲಗು ಸೊಂಟದ ನೇರಕ್ಕೆ ಬಂದಾಗ ಹೊರಗೆ ಬರಬೇಕು. ಅದಕ್ಕಿಂತ ಹಿಂದಕ್ಕೆ ಎಳೆದರೆ ಅಲಗು ನೀರನ್ನು ಮೇಲೆತ್ತುತ್ತದೆ, ದೋಣಿಯ ಹಿಂಬದಿ ತಗ್ಗುತ್ತದೆ. ಹಿಡಿ ಬಿಗಿಯಾದರೆ ಅಂಗೈ ಬೊಬ್ಬೆ, ಮಣಿಕಟ್ಟು ಮಡಚಿಕೊಂಡೇ ಇದ್ದರೆ ಸ್ನಾಯುರಜ್ಜಿನ ಊತ. ಊತ ಬಂದಮೇಲೆ ವಾರಗಟ್ಟಲೆ ಬಿಡುವು ಕೊಡದೆ ಗತಿಯಿಲ್ಲ.

ಇನ್ನು ಈ ಆಟದ ಜೀವ: ಪೋರ್ಟೇಜ್, ಅಂದರೆ ಲಾಕ್ ಗೇಟಿನಂಥ ಅಡ್ಡಿ ಬಂದಲ್ಲಿ ದಡಕ್ಕಿಳಿದು ದೋಣಿ ಹೊತ್ತು ಓಡುವುದು. ಡೆವೈಜಿಸ್ ಪಟ್ಟಣದಿಂದ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್‌ವರೆಗಿನ ಈಸ್ಟರ್ ಓಟ 125 ಮೈಲಿ, ದಾರಿಯಲ್ಲಿ 77 ಸಲ ಇಳಿದು ಹತ್ತಬೇಕು. ಕೆರೆ ಏರಿಗಳ ನಾಡಿಗೆ ಇದು ಹೇಳಿ ಮಾಡಿಸಿದ್ದು, ಆದರೆ ಏರಿಯ ಕಲ್ಲು ದೋಣಿಯ ಶತ್ರು. ದಡ ಮೂವತ್ತು ಮೀಟರ್ ಇರುವಾಗಲೇ ಕಾಲು ಸಡಿಲಿಸಿ, ಓರೆಯಾಗಿ ದಡಕ್ಕೆ ಬನ್ನಿ. ಹುಟ್ಟನ್ನು ಬೆನ್ನ ಹಿಂದೆ ಅಡ್ಡ ಹಿಡಿದು ಒಂದು ತುದಿ ದಡದ ಮೇಲೆ ಊರಿ, ದೋಣಿಯ ನಟ್ಟನಡುವೆ ಪಾದವಿಟ್ಟು ಏಳಿ. ಬದಿಗೆ ಇಟ್ಟಿರೋ, ನೀರಿಗೆ. ಕೂರುವ ಗುಂಡಿಯ ಅಂಚು ಹಿಡಿದು ಎತ್ತಿ, ವಾಲಿಸಿ ನೀರು ಸುರಿದು, ಹೆಗಲಿಗೇರಿಸಿ. ಮತ್ತೆ ಇಳಿಸುವಾಗ ಚುಕ್ಕಾಣಿ ನೀರಿನ ಮೇಲೆ ಇರಬೇಕು, ಕಲ್ಲಿನ ಮೇಲಲ್ಲ. ದೋಣಿಯ ಹೊಟ್ಟೆಯ ಕೆಳಗಿರುವ ಚುಕ್ಕಾಣಿ ಒಂದೇ ಏಟಿಗೆ ಬಾಗುತ್ತದೆ, ಆಮೇಲೆ ದೋಣಿ ಇಡೀ ಓಟ ಒಂದೇ ಕಡೆ ಎಳೆಯುತ್ತದೆ. ಹಿಂದಿನ ತುದಿಗೆ ಕೂರಿಸಿದ, ಮೇಲೆತ್ತಿಕೊಳ್ಳುವ ಚುಕ್ಕಾಣಿ ನಮ್ಮ ನೀರಿಗೆ ಮೇಲು, ಕಳೆ ಸಿಕ್ಕಿದರೂ ಬಿಡಿಸಬಹುದು. ಹೊಸಬರು ದೋಣಿ ಹೊತ್ತು ಹೋಗಿ ಹುಟ್ಟನ್ನು ದಡದಲ್ಲೇ ಮರೆಯುವುದು ಎಲ್ಲ ದೇಶಕ್ಕೂ ಸಮಾನ!

ಅಲೆ ಸವಾರಿ ಕೂಡ ಬೇಗ ಕಲಿಯಬೇಕಾದ್ದು. ಮುಂದಿನವನ ದೋಣಿಯಿಂದ ಹೊರಟ ಓರೆ ಅಲೆಯ ಇಳಿಜಾರಿನಲ್ಲಿ, ನಿಮ್ಮ ದೋಣಿಯ ಮೂತಿ ಅವನು ಕೂತ ಜಾಗದ ನೇರಕ್ಕೆ ಬರುವಂತೆ ನಿಂತರೆ ಕಡಿಮೆ ಶ್ರಮಕ್ಕೆ ಅದೇ ವೇಗ ಸಿಗುತ್ತದೆ. ಸರದಿಯ ಮೇಲೆ ಮುಂದೆ ಹೋಗುವುದು ಮರ್ಯಾದೆ. ಸೊಂಟದಾಳದ ನೀರಿಗೆ ಬಂದರೆ ಮಾತ್ರ ಹುಷಾರು, ತಳ ಎಳೆದಂತಾಗಿ ದೋಣಿ ಭಾರವಾಗುತ್ತದೆ. ಅಂಚಿನ ಹತ್ತಿರದ ದಾರಿ ಯಾವಾಗಲೂ ಬೇಗದ ದಾರಿಯಲ್ಲ.

ಇಂಗ್ಲೆಂಡಿನವರು ಹೆದರುವುದು ಚಳಿಯ ನೀರಿಗೆ. ಹಾಸನದಲ್ಲಿ ಹೆದರಬೇಕಾದ್ದು ಕಾಣದ ಬುಡಗಳಿಗೆ. ಹಿನ್ನೀರಿನಡಿ ಹಳೇ ತೋಟ, ಬೇಲಿ, ಗೋಡೆಗಳಿವೆ. ಶೆಟ್ಟಿಹಳ್ಳಿಯ ಚರ್ಚ್ ತಲೆಯೆತ್ತಿ ನಿಂತಿರುವುದರಿಂದ ಕಾಣುತ್ತದೆ, ಪಕ್ಕದ ಮರದ ಬೊಡ್ಡೆ ಕಾಣುವುದಿಲ್ಲ. ಎಲ್ಲೆಲ್ಲಿ ಏನಿದೆ, ಯಾರ ಬಲೆ ಎಲ್ಲಿ ಕಟ್ಟಿದೆ ಅನ್ನುವುದು ಮೀನು ಹಿಡಿಯುವವರಿಗೆ ಗೊತ್ತು. ಗಸ್ತಿನ ದೋಣಿಗೆ ಅವರನ್ನೇ ಕರೆದು ದಿನದ ಕೂಲಿ ಕೊಡಿ. ಜಿಪಿಎಸ್‌ಗಿಂತ ಅವರ ಮಾತು ನಂಬುವುದು ಒಳ್ಳೆಯದು. ಹೇಮಾವತಿ, ಯಗಚಿಗೆ ಕಾವೇರಿ ನೀರಾವರಿ ನಿಗಮದ ಒಪ್ಪಿಗೆ ಬೇಕು. ಲಕ್ಕವಳ್ಳಿಯ ಭದ್ರಾ ಹಿನ್ನೀರು ಅಭಯಾರಣ್ಯಕ್ಕೆ ಅಂಟಿಕೊಂಡದ್ದು, ಅಲ್ಲಿ ಅರಣ್ಯ ಇಲಾಖೆಯನ್ನು ಕೇಳದೆ ದೋಣಿ ಇಳಿಸುವ ಮಾತೇ ಇಲ್ಲ. ನಡುಗಡ್ಡೆಗಳಲ್ಲಿ ರೀವ ಹಕ್ಕಿ ಮೊಟ್ಟೆಯಿಡುವ ತಿಂಗಳುಗಳಲ್ಲಂತೂ ಒಪ್ಪಿಗೆ ಸಿಕ್ಕರೂ ಹೋಗಬೇಡಿ.

ಇಲ್ಲಿನ ಕ್ಲಬ್ಬುಗಳು ಹೊಸಬರಿಗೆ ಮೊದಲ ದಿನವೇ ಇಲಿಜ್ವರದ ಬಗ್ಗೆ ಹೇಳುತ್ತವೆ. ಗದ್ದೆಗಿಳಿಯುವ ಮಲೆನಾಡಿನವರಿಗೆ ಇದು ಹೊಸದಲ್ಲ, ಆದರೂ ಕಯಾಕ್ ಹತ್ತುವಾಗ ಯಾರೂ ನೆನೆಯುವುದಿಲ್ಲ. ಕೈಕಾಲಿನ ಗಾಯಕ್ಕೆ ನೀರು ಹೋಗದ ಪಟ್ಟಿ ಹಾಕಿ. ಓಟವಾದ ಎರಡು ಮೂರು ವಾರದೊಳಗೆ ಮೈಕೈ ನೋವಿನ ಜ್ವರ ಬಂದರೆ ನೀರಿಗಿಳಿದ ವಿಷಯ ಡಾಕ್ಟರಿಗೆ ಮೊದಲೇ ಹೇಳಿ. ಡಿಸೆಂಬರ್ ನಂತರ ಕಾಡಂಚಿನ ದಡದಲ್ಲಿ ದೋಣಿ ಹೊತ್ತು ಓಡುವುದಾದರೆ ಉಣ್ಣಿಯ ಭಯವೂ ಇದೆ, ಮಂಗನ ಕಾಯಿಲೆಯ ಕಾಲ ಅದೇ.

ಮೊದಲ ಓಟಕ್ಕೆ 6 ಕಿಲೋಮೀಟರ್, ಎರಡು ಸುತ್ತು, ನಡುವೆ ಒಂದೇ ಪೋರ್ಟೇಜ್ ಇಡಿ. ಮಂಜು ಕರಗಿ ಆಚೆ ದಡ ಕಂಡಮೇಲೆ ಶುರು ಮಾಡಿ, ಹತ್ತೂವರೆಯೊಳಗೆ ಎಲ್ಲರೂ ದಡದಲ್ಲಿರಲಿ. ಆಮೇಲೆ ಗಾಳಿ ಏಳುತ್ತದೆ. ಇಲ್ಲಿ ಓಟ ಮುಗಿದವರಿಗೆ ಕ್ಲಬ್ಬಿನವರ ಅಪ್ಪ ಅಮ್ಮಂದಿರು ಕೇಕು ಮಾರುತ್ತಾರೆ, ಅದರ ಹಣ ಮುಂದಿನ ದೋಣಿಗೆ. ಅಲ್ಲಿ ಅಕ್ಕಿರೊಟ್ಟಿ, ಕಾಫಿ ಇಟ್ಟರೆ ಈ ಕೇಕನ್ನು ಯಾರೂ ಕೇಳುವುದಿಲ್ಲ.