ಹತ್ತು ನಿಮಿಷದಲ್ಲಿ ಎಡಿಎಚ್‌ಡಿ ಗೊತ್ತಾಗಲ್ಲ

ಮಗುವಿಗೆ ಎಡಿಎಚ್‌ಡಿ (ಗಮನ ನಿಲ್ಲದಿರುವ, ಇಲ್ಲವೇ ಚಡಪಡಿಕೆ-ಆತುರದ ತೊಂದರೆ) ಇದೆಯೋ ಇಲ್ಲವೋ ಅಂತ ಹೇಳಬೇಕಾದವರು ಡಾಕ್ಟರು. ಆದರೆ ನಮ್ಮಂಥ ಟೀಚರ್‌ಗಳ ಮಾತಿಲ್ಲದೆ ಅವರೂ ಹೇಳುವ ಹಾಗಿಲ್ಲ. ಇದಕ್ಕೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಡಿಎಸ್‌ಎಂ-5 ಪ್ರಕಾರ ಗಮನ ನಿಲ್ಲದಿರುವುದಕ್ಕೆ 9 ಲಕ್ಷಣ, ಚಡಪಡಿಕೆ-ಆತುರಕ್ಕೆ 9. ಮಕ್ಕಳಲ್ಲಿ ಯಾವುದಾದರೂ ಒಂದು ಗುಂಪಿನ ಆರಾದರೂ ಇರಬೇಕು, ಆರು ತಿಂಗಳಾದರೂ ಇರಬೇಕು. ಕೆಲವಾದರೂ 12 ವರ್ಷದೊಳಗೇ ಕಂಡಿರಬೇಕು. ಮನೆಯಲ್ಲಿ ಮಾತ್ರ ಅಥವಾ ಶಾಲೆಯಲ್ಲಿ ಮಾತ್ರ ಕಂಡರೆ ಸಾಲದು.

ಹಾಗಾಗಿ ನಮ್ಮ ಕೈಗೊಂದು ಫಾರ್ಮು ಬರುತ್ತದೆ. 'ಮಾತಾಡಿಸಿದರೆ ಕೇಳಿಸಿಕೊಂಡಂತೆ ಕಾಣುವುದಿಲ್ಲ': ಕೆಲವೊಮ್ಮೆಯಾ, ಆಗಾಗನಾ? ಐವತ್ತು ಮಕ್ಕಳ ಕ್ಲಾಸಿನಲ್ಲಿ ಎರಡಕ್ಕೂ ನಡುವೆ ಗೆರೆ ಎಲ್ಲಿ ಎಳೆಯೋದು? ಒಬ್ಬರಿಗೆ ತುಂಟತನ ಅನ್ನಿಸಿದ್ದು ಇನ್ನೊಬ್ಬರಿಗೆ ತೊಂದರೆ ಅನ್ನಿಸುತ್ತದೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕ ವಯಸ್ಸಿನ ಮಕ್ಕಳಿಗೇ ಈ ಹಣೆಪಟ್ಟಿ ಜಾಸ್ತಿ ಬೀಳುತ್ತದೆ ಅಂತ ಹಲವು ದೇಶಗಳ ಅಧ್ಯಯನಗಳು ಹೇಳಿವೆ.

ನನಗೆ ಜಾಸ್ತಿ ಸಂಕಟ ಆಗೋದು ಸದ್ದಿಲ್ಲದ ಮಕ್ಕಳನ್ನು ನೋಡಿದಾಗ. ಐದನೇ ಕ್ಲಾಸಿನ ಒಬ್ಬ ಹುಡುಗಿ. ಅವಳ ನೋಟ್‌ಬುಕ್‌ನಲ್ಲಿ ಭಾಗಾಕಾರದ ಲೆಕ್ಕಗಳೆಲ್ಲ ಅರ್ಧಕ್ಕೇ ನಿಂತಿರುತ್ತವೆ. ಮಾಡುವ ರೀತಿ ಸರಿಯಿದೆ, ಮಗ್ಗಿ ಬರುತ್ತದೆ. ಕೆಳಗಿಳಿಸಬೇಕಾದ ಅಂಕಿ ಮಾತ್ರ ಇಳಿಸಿರುವುದಿಲ್ಲ, ಪಕ್ಕದಲ್ಲಿ ಒಂದು ಹೂವು ಬರೆದಿರುತ್ತಾಳೆ. ಎದ್ದು ಓಡಾಡಲ್ಲ, ಯಾರಿಗೂ ತೊಂದರೆ ಕೊಡಲ್ಲ. ಮನೆಯಲ್ಲಿ ಸೋಮಾರಿ ಅನ್ನುತ್ತಾರೆ. ತೋರಿಸಿಕೊಂಡು ಬನ್ನಿ ಅಂದರೆ, "ಹೆಣ್ಣುಮಗು ಮೇಡಂ, ನಾಳೆ ಯಾರಾದರೂ ಏನಾದರೂ ಅಂದರೆ?" ಅನ್ನುತ್ತಾರೆ ಅಮ್ಮ. ಗಲಾಟೆ ಮಾಡುವ ಹುಡುಗನ ಹೆಸರಾದರೆ ಮೊದಲ ವಾರದಲ್ಲೇ ಸ್ಟಾಫ್‌ರೂಮಿಗೆ ಬಂದಿರುತ್ತದೆ.

ಇನ್ನೊಂದು ಕಡೆ, ಎಡಿಎಚ್‌ಡಿ ಅಲ್ಲದ್ದೂ ಹಾಗೇ ಕಾಣುತ್ತದೆ. ಕಿವಿ ಮಂದವಿರುವ ಮಗು, ಬೋರ್ಡು ಕಾಣದ ಮಗು, ನಿದ್ದೆಗೆಟ್ಟ ಮಗು, ಮನೆಯ ಜಗಳ ನೋಡಿ ಬಂದ ಮಗು. ಆಗಾಗ ಕೆಲವು ಸೆಕೆಂಡು ಸುಮ್ನೆ ಎಲ್ಲೋ ನೋಡುತ್ತಾ ನಿಂತುಬಿಡುವುದು ಫಿಟ್ಸ್‌ನ ಒಂದು ಬಗೆಯೂ ಇರಬಹುದು. ಓದಿನ ತೊಂದರೆ, ಆತಂಕ ಇದರ ಜೊತೆಗೇ ಇರುವುದೂ ಉಂಟು.

ಅದಕ್ಕೇ ಹತ್ತು ನಿಮಿಷ ನೋಡಿ ಚೀಟಿ ಬರೆಯುವುದನ್ನು ನಾನು ಒಪ್ಪಲ್ಲ. ಹೊಸ ಜಾಗ, ಹೊಸ ಮುಖ ಅಂದರೆ ಎಂಥ ಮಗುವೂ ಸ್ವಲ್ಪ ಹೊತ್ತು ತೆಪ್ಪಗೆ ಕೂತಿರುತ್ತದೆ, ಅಲ್ವಾ? ಮೊದಲು ಕಣ್ಣು, ಕಿವಿ ಪರೀಕ್ಷೆ ಆಗಲಿ. ಫಾರ್ಮು ತುಂಬಲು ನಮಗೆ ಸಮಯ ಕೊಡಿ. ಡಾಕ್ಟರು ನಮಗೊಂದು ಫೋನ್ ಮಾಡಲಿ, ಟಿಕ್ಕಿನಲ್ಲಿ ಬಾರದ್ದನ್ನು ಬಾಯಲ್ಲಿ ಹೇಳುತ್ತೇವೆ. ಅಪ್ಪ-ಅಮ್ಮಂದಿರು ಹೋಗುವಾಗ ಮಾರ್ಕ್ಸ್ ಕಾರ್ಡ್ ಒಂದೇ ಸಾಲದು. ಹಳೇ ನೋಟ್‌ಬುಕ್‌ಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ.