ವಿಮಾನಕ್ಕೂ ಮೈಲೇಜ್ ಕೇಳಿ

ಇವತ್ತು ಬೆಳಿಗ್ಗೆ ವಿಮಾನ ನಿಲ್ಲಿಸುವ ಹ್ಯಾಂಗರ್‌ನಲ್ಲಿ ಗೆಳೆಯನ ಮೇಲೆ ದನಿ ಏರಿಸಿಬಿಟ್ಟೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅವನು ತನ್ನ ಹಳೆಯ ಸೆಸ್ನಾ 172 ಎಂಬ ಸಣ್ಣ ವಿಮಾನ ಮಾರಿ, ವೇಗವೂ ಬೇಕು, ಇಂಧನವೂ ಉಳಿಯಬೇಕು ಎಂದು ಬೇರೊಂದನ್ನು ಹುಡುಕುತ್ತಿದ್ದಾನೆ. ಮೂನಿ 201, ಸಿರಸ್ ಎಸ್‌ಆರ್22 ಎಂಬ ಎರಡು ಸಣ್ಣ ವಿಮಾನಗಳ ವಿವರ ಮುಂದಿಟ್ಟರೆ ಬೆರಳು ನೇರ ಹೋದದ್ದು ಅಶ್ವಶಕ್ತಿಯ ಸಾಲಿಗೆ. ಆಮೇಲೆ ಕೇಳಿದ: "ಗಂಟೆಗೆ ಎಷ್ಟು ಕುಡಿಯುತ್ತದೆ?"

ಬೈಕ್ ಕೊಳ್ಳುವಾಗ ಯಾರಾದರೂ ಗಂಟೆಯ ಲೆಕ್ಕ ಕೇಳುತ್ತಾರೆಯೇ? ಮೈಲೇಜ್ ಎಷ್ಟು ಎನ್ನುತ್ತಾರೆ. ವಿಮಾನದ ಮುಂದೆ ನಿಂತೊಡನೆ ಆ ಬುದ್ಧಿ ಎಲ್ಲಿ ಹೋಗುತ್ತದೆ?

ಏರುವ ಇಳಿಯುವ ಖರ್ಚು ಬಿಡಿ, ಗಾಳಿ ಇಲ್ಲವೆಂದುಕೊಳ್ಳಿ, ಸಾವಿರ ಕಿಲೋಮೀಟರ್ ದಾರಿ. ಸೆಸ್ನಾ 172 ಗಂಟೆಗೆ ಸುಮಾರು 32 ಲೀಟರ್ ಸುಟ್ಟು ನಾಲ್ಕೂವರೆ ಗಂಟೆಯಲ್ಲಿ ಮುಟ್ಟಿಸುತ್ತದೆ. ಒಟ್ಟು 144 ಲೀಟರ್. ಮೂನಿ 201 ಗಂಟೆಗೆ 38 ಲೀಟರ್ ಸುಡುತ್ತದೆ, ಆದರೆ ಮೂರೂವರೆ ಗಂಟೆಯಲ್ಲಿ ಮುಟ್ಟುತ್ತದೆ, 133 ಲೀಟರ್. ಗಂಟೆಯ ಲೆಕ್ಕದಲ್ಲಿ ಸೋತದ್ದು ದಾರಿಯ ಲೆಕ್ಕದಲ್ಲಿ ಗೆದ್ದಿತು! ಗೆಳೆಯ ಮನಸ್ಸಿಟ್ಟಿರುವ 310 ಅಶ್ವಶಕ್ತಿಯ ಸಿರಸ್ ಎಸ್‌ಆರ್22 ಮೂರು ಗಂಟೆಯಲ್ಲೇ ಮುಟ್ಟಿಸುತ್ತದೆ, ನಿಜ. ಆದರೆ 190 ಲೀಟರ್ ದಾಟುತ್ತದೆ. ಅರ್ಧ ಗಂಟೆಗಾಗಿ ಸುಮಾರು 60 ಲೀಟರ್!

ಗಾಳಿ ಯಾರ ಮುಲಾಜಿಗೂ ಬೀಳುವುದಿಲ್ಲ. ವೇಗ ಶೇಕಡಾ 10ರಷ್ಟು ಹೆಚ್ಚಬೇಕಾದರೆ ಶಕ್ತಿ ಸುಮಾರು ಶೇಕಡಾ 33ರಷ್ಟು ಹೆಚ್ಚಬೇಕಾಗುತ್ತದೆ. ಎಂಜಿನ್ ಶಕ್ತಿ ಏರಿಸುವ ಥ್ರಾಟಲ್ ತಳ್ಳಿದರೆ ಬೇಗ ಮನೆ ಸೇರುತ್ತೇನೆ ಎಂದು ನಾನೂ ನಂಬಿದ್ದವನೇ. ಒಂದು ಸಂಜೆ ಎದುರುಗಾಳಿಯಲ್ಲಿ ಹಾಗೆಯೇ ತಳ್ಳಿಕೊಂಡು ಬಂದು ಇಳಿದಾಗ ಇಂಧನದ ಮುಳ್ಳು ಎಲ್ಲಿತ್ತೆಂದು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಎಂಜಿನ್ ನಿಲ್ಲಿಸಿದ ಮೇಲೂ ಕೈ ನಡುಗುತ್ತಿತ್ತು.

ಅದಕ್ಕೇ 1977ರ ಮಾದರಿಯಾಗಿ ಬಂದ ಮೂನಿ 201 ಕಂಡರೆ ನನಗೆ ಅಷ್ಟು ಗೌರವ. ಅದನ್ನು ರೂಪಿಸಿದ ಎಂಜಿನಿಯರ್ ರಾಯ್ ಲೊಪ್ರೆಸ್ಟಿ ಮತ್ತು ಜೊತೆಗಾರರು ದೊಡ್ಡ ಎಂಜಿನ್ ಹುಡುಕಿಕೊಂಡು ಹೋಗಲಿಲ್ಲ. ಹಿಂದಿನ ಮಾದರಿಯಲ್ಲಿದ್ದಷ್ಟೇ 200 ಅಶ್ವಶಕ್ತಿ ಇಟ್ಟುಕೊಂಡು ಮುಂಗಾಜನ್ನು ಇನ್ನಷ್ಟು ಓರೆ ಮಾಡಿದರು, ಎಂಜಿನ್ ಹೊದಿಕೆ ತಿದ್ದಿದರು, ಗಾಳಿ ಸಿಕ್ಕಿಕೊಳ್ಳುವ ಸಂದುಗಳನ್ನು ಮುಚ್ಚಿದರು. ಗಂಟೆಗೆ 201 ಮೈಲಿ ಓಡಿತು, ಹೆಸರೂ ಅದೇ ಆಯಿತು. ಅದರ ರೆಕ್ಕೆಯ ಮುಂದಿನ ಅಂಚಿನ ಮೇಲೆ ಅಂಗೈ ಸವರಿ ನೋಡಿ, ತಗಡು ಜೋಡಿಸಿದ ರಿವೆಟ್‌ಗಳು ಕೈಗೆ ಸಿಗುವುದಿಲ್ಲ. ಹಾಗೆಯೇ ಪಕ್ಕದ ಸೆಸ್ನಾದ ರೆಕ್ಕೆಯ ಆಸರೆಗೋಲು, ಹೊರಗೆ ಜೋತಾಡುವ ಚಕ್ರಗಳನ್ನು ನೋಡಿ. ಇಂಧನ ಎಲ್ಲಿ ಸೋರುತ್ತಿದೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

"ಮೂನಿಯ ಮಡಚುವ ಚಕ್ರಕ್ಕೆ ನಿರ್ವಹಣೆ ಜಾಸ್ತಿ, ಒಳಗೆ ಇಕ್ಕಟ್ಟು" ಎಂದ ಗೆಳೆಯ. ಹೌದು, ಚಕ್ರ ಇಳಿಸಲು ಮರೆತು ನೆಲಕ್ಕೆ ಹೊಟ್ಟೆ ಉಜ್ಜಿದವರೂ ಇದ್ದಾರೆ. ಆದರೆ ಅದು ಶಿಸ್ತಿನ ಮಾತು. ಸಿರಸ್‌ನಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಇದೆ. ಹೆಂಡತಿ ಮಕ್ಕಳಿಗಾಗಿ ಅದೇ ಬೇಕು ಎಂದಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಇಂಧನ ಉಳಿಸಲು ಅದನ್ನು ಕೊಳ್ಳುತ್ತೇನೆ ಎಂದರೆ ಮಾತ್ರ ಸುಮ್ಮನಿರಲಾರೆ.

ಕೊನೆಗೆ ಅವನು ಎರಡೂ ವಿವರ ಪತ್ರಗಳ ಅಂಚಿನಲ್ಲಿ ಲೀಟರ್‌ಗೆ ಎಷ್ಟು ಕಿಲೋಮೀಟರ್ ಎಂದು ಪೆನ್ಸಿಲ್‌ನಲ್ಲಿ ಬರೆದುಕೊಂಡ. ಒಂದರ ಮುಂದೆ ಏಳೂವರೆ, ಇನ್ನೊಂದರ ಮುಂದೆ ಐದು ಚಿಲ್ಲರೆ. ಭಾನುವಾರ ಮೂನಿಯೊಳಗೆ ಕೂತು ನೋಡಲು ಹೋಗುತ್ತಿದ್ದೇವೆ.