ಅಷ್ಟು ಸಂಬಳ ಬಪ್ಪವಂಗೆ ಯೂನಿಯನ್ ಎಂತಕ್ಕೆ?

ನಿನ್ನೆ ಶಿರಸಿ ಹತ್ತಿರ ಒಂದು ಉಪನಯನದ ಮನೆ. ಎರಡನೇ ಪಂಕ್ತಿ. ಅಪ್ಪೆಹುಳಿ ಸುರಿಯುತ್ತ ಕೂತಿದ್ದ ಭಾವಯ್ಯನೊಬ್ಬ ನಮ್ಮ ಪೈಲಟ್ ಮಾಣಿಯನ್ನು ತೋರಿಸಿ ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದ: "ವಿಮಾನ ಬಿಡವಕ್ಕೂ ಯೂನಿಯನ್ ಬೇಕಡಾ! ಅಷ್ಟು ಸಂಬಳ ಬಪ್ಪವಂಗೆ ಯೂನಿಯನ್ ಎಂತಕ್ಕೆ?"

ಸಾಲು ನಕ್ಕಿತು. ಬಡಿಸುತ್ತಿದ್ದ ಮಾಣಿಯೂ ನಕ್ಕು, ಹೋಳಿಗೆ ಬುಟ್ಟಿ ಹಿಡಿದುಕೊಂಡು ಮುಂದೆ ಹೋದ. ನನಗೆ ಮಾತ್ರ ಆಮೇಲೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. (ಎರಡು ತಿಂದೆ, ಸುಳ್ಳು ಹೇಳಬಾರದು.)

ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಉದ್ದ ಆಗುತ್ತದೆ. ನಿವೃತ್ತ ಬ್ಯಾಂಕ್ ಗುಮಾಸ್ತನಿಗೆ ಬೇರೆ ಕೆಲಸ ಇಲ್ಲ ಎಂದು ನಿಮಗೆಲ್ಲ ಗೊತ್ತೇ ಇದೆ.

ಮಾಣಿ ನನ್ನ ಸೋದರಳಿಯ. ವಿಮಾನ ಬಾಡಿಗೆಗೆ ಕೊಡುವ ಚಾರ್ಟರ್ ಕಂಪನಿಯೊಂದರಲ್ಲಿ ಸಣ್ಣ ಜೆಟ್ ಹಾರಿಸುತ್ತಿದ್ದ. ಕಂಪನಿ ಅಂದರೆ ಎರಡು ವಿಮಾನ, ಆರು ಪೈಲಟ್. ಮಾಲೀಕರ ಬೇರೆ ವ್ಯಾಪಾರ ಕುಸಿದ ಕೂಡಲೇ ಒಂದು ವಿಮಾನ ಮಾರಾಟಕ್ಕೆ ಹೋಯಿತು, ಮೂವರು ಪೈಲಟ್‌ಗಳು ಮನೆಗೆ ಹೋದರು. ಯಾವ ಮೂವರು? ಹಿರಿಯರು ಕಿರಿಯರು ಎಂಬ ಲೆಕ್ಕವೇ ಇಲ್ಲ. ಮಾಲೀಕರ ಮಗನ ಗಾಲ್ಫ್ ಚೀಲ ಎತ್ತಿಕೊಡುತ್ತಿದ್ದವ ಉಳಿದ. "ಹವೆ ಸರಿಯಿಲ್ಲ, ಇವತ್ತು ಹೊರಡುವುದು ಬೇಡ" ಎಂದು ಒಂದು ಮಳೆಗಾಲದ ಸಂಜೆ ಸಾಹೇಬರ ಮುಖಕ್ಕೇ ಹೇಳಿದ್ದ ನಮ್ಮವ ಹೋದ. ಎಲ್ಲ ವಾಟ್ಸ್ಆ್ಯಪ್‌ನಲ್ಲೇ ಮುಗಿಯಿತು.

ಭಾವಯ್ಯಾ, ಯೂನಿಯನ್ ಇದಕ್ಕೆ ಬೇಕು. "ಆಗುವುದಿಲ್ಲ" ಅನ್ನಲಿಕ್ಕೆ. ದೊಡ್ಡ ಏರ್‌ಲೈನಿನಲ್ಲಿ ಪೈಲಟ್ ಹವೆ ಸರಿಯಿಲ್ಲ ಅಂದರೆ ಹಿಂದೆ ಕೂತ ನೂರೆಂಬತ್ತು ಜನ ಗೊಣಗುತ್ತಾರೆ, ಅಷ್ಟೆ. ಖಾಸಗಿ ಜೆಟ್ಟಿನಲ್ಲಿ ಹಿಂದೆ ಕೂತವನೇ ಸಂಬಳ ಕೊಡುವವನು. ನಿನ್ನ ಸಂಬಳ ಐದು ಲಕ್ಷವೇ ಇರಲಿ, ಅವನೆದುರು ನೀನು ಒಬ್ಬನೇ.

ಒಬ್ಬನೇ ನಿಂತರೆ ಏನಾಗುತ್ತದೆ ಎಂದು ಅಡಿಕೆ ಬೆಳೆಯುವವರಿಗೆ ನಾನು ಹೇಳಿಕೊಡಬೇಕೆ? 1923ರಲ್ಲಿ ಕಡವೆ ಶ್ರೀಪಾದ ಹೆಗಡೆಯವರು ಶಿರಸಿಯಲ್ಲಿ ತೋಟಗಾರರ ಸೇಲ್ ಸೊಸೈಟಿ ಕಟ್ಟಿದ್ದು ಏತಕ್ಕೆ? ವ್ಯಾಪಾರಿ ಹೇಳಿದ ದರಕ್ಕೆ ಒಬ್ಬೊಬ್ಬರೇ ತಲೆ ಆಡಿಸಬಾರದು ಅಂತಲೇ ಅಲ್ಲವೆ? ಆಗ ಸೇರಿದವರೆಲ್ಲ ಬಡವರಾಗಿರಲಿಲ್ಲ. "ಇಷ್ಟು ತೋಟ ಇಪ್ಪವಂಗೆ ಸೊಸೈಟಿ ಎಂತಕ್ಕೆ" ಎಂದು ಯಾರೂ ಕೇಳಿದಂತಿಲ್ಲ. ನಾವು ಮಾಡಿದರೆ ಸಹಕಾರ, ಮಾಣಿ ಮಾಡಿದರೆ ಕೆಂಬಾವುಟ!

ಪಂಕ್ತಿಯಲ್ಲಿ ಇನ್ನೊಬ್ಬರದ್ದು ಮತ್ತೊಂದು ಮಾತು: "ಅಲ್ಲಿಲ್ಲದಿದ್ದರೆ ಇನ್ನೊಂದು ಕಡೆ ಸೇರಿದರಾಯಿತು." ಕಾರವಾರದಲ್ಲಿದ್ದಾಗ ಬೈತಖೋಲ್ ಬಂದರಿನ ತಾಂಡೇಲರು, ಅಂದರೆ ಮೀನುಬೋಟು ನಡೆಸುವವರು, ನನ್ನ ಬ್ಯಾಂಕ್ ಕೌಂಟರಿಗೆ ಬರುತ್ತಿದ್ದರು. ಮೀನು ಕಡಿಮೆಯಾಗಿ ಒಬ್ಬ ಮಾಲೀಕ ಬೋಟು ಕಟ್ಟಿಹಾಕಿದರೆ ತಾಂಡೇಲ ಮರುವಾರ ಪಕ್ಕದ ಬೋಟು ಹತ್ತುತ್ತಿದ್ದ. ಅದೇ ಸಮುದ್ರ, ಅದೇ ಚುಕ್ಕಾಣಿ. ಪೈಲಟ್‌ಗೆ ಹಾಗಿಲ್ಲ. ಒಂದೊಂದು ಜಾತಿಯ ಜೆಟ್ಟಿಗೂ ಬೇರೆ ಬೇರೆ ಟೈಪ್ ರೇಟಿಂಗ್, ಅಂದರೆ ಆ ಜಾತಿಯದನ್ನು ಹಾರಿಸುವ ಅರ್ಹತೆ. ಇವನ ಲೈಸೆನ್ಸಿನಲ್ಲಿರುವುದು ಆ ಪುಟ್ಟ ಜೆಟ್ಟಿನ ಹೆಸರು. ನಾಳೆ ಏರ್‌ಬಸ್ ಹಾರಿಸಬೇಕೆಂದರೆ ಮತ್ತೆ ತರಬೇತಿ, ಮತ್ತೆ ಸಿಮ್ಯುಲೇಟರ್, ಮತ್ತೆ ಲಕ್ಷಗಟ್ಟಲೆ ಸಾಲ. ಮೊದಲಿನದೇ ತೀರಿಲ್ಲ. ಜಾಮೀನಿಗೆ ಸಹಿ ಹಾಕಿದವ ನಾನೇ, ಅದು ಬೇರೆ ಸಂಕಟ.

ಮತ್ತೆ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು. ಕೆಲಸ ಹೋದವನಿಗೆ ವಿಮಾನ ಎಲ್ಲಿಂದ ಬರಬೇಕು? ಕಾರವಾರದ ಟಾಗೋರ್ ಬೀಚಿನಲ್ಲಿ ಪ್ರದರ್ಶನಕ್ಕೆ ಇಟ್ಟ ಟುಪೊಲೆವ್ ವಿಮಾನ ಹತ್ತಿ ಕೂತರೆ ಆಗುತ್ತದೆಯೆ?

ಇನ್ನು, "ಯೂನಿಯನ್ ಇದ್ದರೂ ಕೆಲಸ ಹೋಗುತ್ತದಲ್ಲ" ಎನ್ನುವವರಿಗೆ. ಹೌದು, ಹೋಗುತ್ತದೆ. ಜೆಟ್ ಏರ್‌ವೇಸಿನ ಪೈಲಟ್‌ಗಳು 2009ರಲ್ಲಿ ಸಂಘ ಕಟ್ಟಿದರು. ಮುಂದಾಳುಗಳನ್ನು ವಜಾ ಮಾಡಿದ್ದಕ್ಕೆ ಸೆಪ್ಟೆಂಬರಿನಲ್ಲಿ ನೂರಾರು ಜನ ಒಟ್ಟಿಗೇ "ಹುಷಾರಿಲ್ಲ" ಅಂದರು, ಕಂಪನಿ ರಾಜಿಗೆ ಬಂತು. ಅದೇ ಕಂಪನಿ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿದಾಗ ಯಾವ ಸಂಘದಿಂದಲೂ ಉಳಿಸಲಾಗಲಿಲ್ಲ. ಮುಳುಗುವ ದೋಣಿಯ ತೂತು ಯೂನಿಯನ್ನಿಂದ ಮುಚ್ಚುವುದಿಲ್ಲ, ಒಪ್ಪಿದೆ.

ಆದರೆ ಮುಳುಗದ ದೋಣಿಯಿಂದ ಯಾರನ್ನು ಇಳಿಸುತ್ತಾರೆ ಎನ್ನುವುದು ಬೇರೆ ಪ್ರಶ್ನೆ. 2008ರಲ್ಲಿ ಅಮೆರಿಕದ ಮೂರು ಕಾರು ಕಂಪನಿಗಳ ಮುಖ್ಯಸ್ಥರು ಸರಕಾರದ ಹತ್ತಿರ ಸಾಲ ಕೇಳಲು ಖಾಸಗಿ ಜೆಟ್ಟಿನಲ್ಲಿ ವಾಷಿಂಗ್ಟನ್‌ಗೆ ಹೋದದ್ದು ನೆನಪಿದೆಯಲ್ಲ? ಊರೆಲ್ಲ ಉಗಿಯಿತು. ಮುಂದಿನ ತಿಂಗಳು ಕಾರಿನಲ್ಲೇ ಬಂದರು. ಜೆಟ್ ಅಂದರೇ ನಾಚಿಕೆ ಎನ್ನುವ ಕಾಲ ಬಂತು. ಅಲ್ಲಿನ ಖಾಸಗಿ ಜೆಟ್ ಕಂಪನಿ ನೆಟ್‌ಜೆಟ್ಸ್, ವಾರೆನ್ ಬಫೆಟ್ಟರ ಬರ್ಕ್‌ಷೈರ್‌ಗೆ ಸೇರಿದ್ದು, 2009ರಲ್ಲಿ 71.1 ಕೋಟಿ ಡಾಲರ್ ಕಳೆದುಕೊಂಡಿತು. 2010ರ ಆರಂಭದಲ್ಲಿ 495 ಪೈಲಟ್‌ಗಳನ್ನು ಇಳಿಸಿತು. ಅಲ್ಲಿ ಪೈಲಟ್‌ಗಳ ಸಂಘ ಇತ್ತು, ಹಿರಿತನದ ಪಟ್ಟಿ ಇತ್ತು. ಕೊನೆಗೆ ಸೇರಿದವ ಮೊದಲು ಹೋದ. ವರ್ಷಗಟ್ಟಲೆ ಕಾದ ಮೇಲೆ, ವ್ಯಾಪಾರ ಚೇತರಿಸಿದಾಗ, ವಾಪಸು ಕರೆದದ್ದೂ ಪಟ್ಟಿ ಹಿಡಿದೇ. ಗಾಲ್ಫ್ ಚೀಲ ಎತ್ತಿದ್ದಕ್ಕೆ ಆ ಪಟ್ಟಿಯಲ್ಲಿ ಜಾಗ ಇಲ್ಲ.

ಇದೇನೂ ಅಮೆರಿಕದವರ ಹೊಸ ಶೋಧನೆಯಲ್ಲ. ನಮ್ಮ ಕಾಲದ ಕೈಗಾರಿಕಾ ವಿವಾದ ಕಾಯ್ದೆಯ 25ಜಿ ಕಲಮಿನಲ್ಲೇ ಇತ್ತು: ಕೊನೆಗೆ ಬಂದವನನ್ನು ಮೊದಲು ತೆಗೆಯಬೇಕು, ಹಾಗೆ ಮಾಡದಿದ್ದರೆ ಕಾರಣ ಬರೆದಿಡಬೇಕು. ಆದರೆ ಪೈಲಟ್ ಆ ಕಾಯ್ದೆಯ 'ವರ್ಕ್‌ಮನ್' (ಕಾರ್ಮಿಕ) ಹೌದೋ ಅಲ್ಲವೋ ಎಂದೇ ಕೋರ್ಟಿನಲ್ಲಿ ವಾದ ನಡೆದಿದೆ. ಅಲ್ಲೂ ಭಾವಯ್ಯನದೇ ಪ್ರಶ್ನೆ ನೋಡಿ, ಕರಿ ಕೋಟು ಹಾಕಿಕೊಂಡು!

ಈಗ ಹೇಳಲೇಬೇಕಾದ ಒಂದು ಮಾತು ಇದೆ. ಎರಡು ವರ್ಷದ ಹಿಂದೆ ಮಾಣಿ ಫೋನ್ ಮಾಡಿದ್ದ. "ಮಾವ, ಸಂಘ ನೋಂದಣಿಗೆ ಎಷ್ಟು ಜನ ಬೇಕು?" ಏಳು ಜನ, 1926ರ ಕಾಯ್ದೆ, ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. "ನಾವು ಇರುವುದೇ ಆರು" ಎಂದು ನಕ್ಕ. ಪಕ್ಕದ ಹ್ಯಾಂಗರಿನವನನ್ನೂ ಸೇರಿಸಿಕೊಳ್ಳಬಹುದು, ಸಂಘ ಒಂದೇ ಕಂಪನಿಯದ್ದಾಗಬೇಕೆಂದಿಲ್ಲ ಎಂದು ನಾನು ಹೇಳಬೇಕಿತ್ತು. ಮೂವತ್ತೆರಡು ವರ್ಷ ಮೆಂಬರ್‌ಶಿಪ್ ರಸೀದಿ ಹರಿದವ, ಗೇಟಿನೆದುರು ಗಂಟಲು ಹರಿಯುವಂತೆ ಕೂಗಿದವ, ಸಂಬಳ ಏರಿದಾಗಲೆಲ್ಲ ಒಪ್ಪಂದದ ಫಲ ಉಂಡವ ನಾನು, ಅವನಿಗೆ ಹೇಳಿದ್ದೇನು ಗೊತ್ತೆ? "ನಿಂಗೆ ಎಂತಕ್ಕೋ ತಮಾ ಅದೆಲ್ಲ. ಒಳ್ಳೇ ಸಂಬಳ ಇದ್ದು, ಸುಮ್ನಿರು."

ಸಾಲ ತೀರಲಿ ಎಂಬ ಆಸೆಗೆ ಹೇಳಿದೆನೋ, ನನ್ನ ಸಹಿ ನೆನಪಾಗಿ ಹೇಳಿದೆನೋ. ನಿನ್ನೆ ಪಂಕ್ತಿಯಲ್ಲಿ ಸಿಟ್ಟು ಬಂದದ್ದು ಭಾವಯ್ಯನ ಮೇಲೆ ಅಂದುಕೊಂಡಿದ್ದೆ.

ಸಂಜೆ ಬಸ್ ಸ್ಟ್ಯಾಂಡಿನ ತನಕ ಹೋಗಿ ಅವನನ್ನು ಬಿಟ್ಟು ಬಂದೆ. "ಹಾರದೇ ಇವತ್ತಿಗೆ 71 ದಿನ ಮಾವ" ಅಂದ. ಬೇರೆ ಬೇರೆ ಕಂಪನಿಯ ಐದು ಜನ ಒಪ್ಪಿದ್ದಾರಂತೆ, ಇವನು ಆರನೆಯವ. ಮತ್ತೆ ಆರಕ್ಕೇ ಬಂದು ನಿಂತಿದೆ! ಸಂಘದ ನಿಯಮಾವಳಿಯ ಕರಡು ನಾನು ಬರೆದುಕೊಡುತ್ತೇನೆ ಅಂದೆ. ಕನ್ನಡಕದ ಕಾಲು ಮುರಿದಿದೆ, ಸೋಮವಾರ ಪೇಟೆಗೆ ಹೋಗಿ ಸರಿ ಮಾಡಿಸಿಕೊಂಡು ಬಂದು ಕೂರಬೇಕು.